ಅವ್ವನ ನಡಿಗೆಗೆ ಸಿಕ್ಕ ರೂಮು

ಆ ಕಾಲದಲ್ಲಿ ನಮ್ಮ ಹುಲ್ಲಹಳ್ಳಿಯವರು ಮೈಸೂರಿಗೆ ಹೋಗುತ್ತಿದ್ದುದು ಎರಡೇ ಕೆಲಸಕ್ಕೆ. ಒಂದು ಮದುವೆ ಜವಳಿಗೆ, ಇನ್ನೊಂದು ಆಸ್ಪತ್ರೆಗೆ. ಬೆಳಗಿನ ಬಸ್ಸು ಹತ್ತಿ, ನಂಜನಗೂಡಿನಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ಕೆಲಸ ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿಬಿಡುತ್ತಿದ್ದರು. ಅಲ್ಲೇ ಉಳಿಯುವುದು, ಊರು ನೋಡುವುದು ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. ನಮ್ಮ ಮನೆಯ ಪಾಲಿಗಂತೂ ಮೈಸೂರೆಂದರೆ ಆಸ್ಪತ್ರೆಯೇ. ಅವ್ವನಿಗೆ ಎದೆಯ ಕಾಯಿಲೆ.

ಅವ್ವನ ತವರು ಟಿ. ನರಸೀಪುರ. ಹೊಳೆಯ ಮರಳಿನಲ್ಲಿ ಓಡಿ ಬೆಳೆದ ಹುಡುಗಿ. ಓದುವ ವಯಸ್ಸಿನಲ್ಲಿ ಕೀಲು ಕೀಲೆಲ್ಲ ಊದಿಕೊಂಡು ಒಂದು ಜ್ವರ ಬಂದು ಹೋಯಿತಂತೆ. ವಾಸಿಯಾಯಿತೆಂದು ಎಲ್ಲರೂ ಮರೆತರು. ಆ ಜ್ವರ ಹೋಗುವಾಗ ಎದೆಯ ಕವಾಟವನ್ನು ಕೆಡಿಸಿ ಹೋಗಿದೆ ಎಂದು ಗೊತ್ತಾದದ್ದು ನಾನು ಹುಟ್ಟಿದ ಮೇಲೆ. ಕೊಡ ಎತ್ತಿದರೆ ಏದುಸಿರು, ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿ. ಒಂದು ಮಳೆಗಾಲದಲ್ಲಿ ಒಲೆಯ ಮುಂದೆಯೇ ಕುಸಿದಾಗ, ಮೈಸೂರಿನಲ್ಲಿದ್ದ ಮಲ್ಲೇಶ ಚಿಕ್ಕಪ್ಪ ಕಾರು ತಂದು ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿದ್ದರು. ಬೆಂಗಳೂರಿನಲ್ಲಿ ಆಪರೇಷನ್ ಆಗಲೇಬೇಕು, ಮುಂದಿನ ಮಳೆ ಕಳೆದ ಮೇಲೆ ಮಾಡೋಣ ಎಂದು ಡಾಕ್ಟರು ಹೇಳಿದ್ದರು.

ಅದರ ಮುಂದಿನ ಬೇಸಿಗೆಗೆ ನಾನು ಐದನೇ ಕ್ಲಾಸು ಮುಗಿಸಿದ್ದೆ. ಅಂಗಳದ ಚಾಪೆಯ ಮೇಲೆ ಸಂಡಿಗೆ ಹಾಕಿ, ಕಾಗೆ ಓಡಿಸಲು ನನ್ನನ್ನು ಕೂರಿಸಿದ್ದರು. ಹಸಿ ಸಂಡಿಗೆ ಹಿಟ್ಟಿನ ಜೀರಿಗೆ ವಾಸನೆ ಇಡೀ ಅಂಗಳಕ್ಕೆ ಹರಡಿತ್ತು. ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ ಅಪ್ಪ ಊಟಕ್ಕೆ ಬಂದು, ಕೈ ತೊಳೆದು ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಅವ್ವ ಕಂಬಕ್ಕೆ ಒರಗಿ ಕೂತಲ್ಲಿಂದಲೇ ಹೇಳಿದಳು.

"ಅಪ್ರೇಸನ್ನಿಗೆ ಮುಂಚೆ ಒಂದ್ಸಲ ಮೈಸೂರ್ ನೋಡ್ಬೇಕು ಕಣ್ರೀ."

"ತಿಂಗ್ಳು ತಿಂಗ್ಳೂ ಓಯ್ತಾನೆ ಇದ್ದೀವಲ್ಲ?"

"ಅದು ಆಸ್ಪತ್ರೆ. ನಾನು ಕೇಳ್ತಿರೋದು ಮೈಸೂರು. ನಾಕು ದಿನ ಅಲ್ಲೇ ಇದ್ದು, ಎದ್ದು, ಕಾಪಿ ಕುಡ್ದು, ಎಲ್ರಂಗೆ ಬೀದೀಲಿ ನಡೀಬೇಕು."

ಅಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡರು. 'ಮುಂಚೆ' ಎಂಬ ಮಾತಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಅಷ್ಟಿಷ್ಟು ಗೊತ್ತಾಯಿತು. ಡಾಕ್ಟರನ್ನು ಕೇಳಿದರೆ, ನಿಧಾನಕ್ಕೆ ನಡೆಯಲಿ, ಉಸಿರು ಕಟ್ಟುವ ಮೊದಲೇ ನಿಲ್ಲಲಿ, ಮೆಟ್ಟಿಲು ಮಾತ್ರ ಬೇಡ ಎಂದರು.

ಸುದ್ದಿ ಕೇಳಿದ ಭಾನುವಾರವೇ ಮಲ್ಲೇಶ ಚಿಕ್ಕಪ್ಪ ಬಂದರು. "ಇದ್ರಲ್ಲಿ ಯೋಚ್ನೆ ಮಾಡೋದೇನೈತೆ ಅಣ್ಣ? ನಮ್ಮನೇಲಿ ಇರಿ. ಮನೆ ಬಾಗ್ಲಲ್ಲಿ ಕಾರ್ ಹತ್ತಿದ್ರೆ ಅರಮನೆ ಬಾಗ್ಲಲ್ಲಿ ಇಳಿಸ್ತೀನಿ. ಅತ್ಗೆ ಒಂದೆಜ್ಜೆ ನಡೆಯಂಗಿಲ್ಲ."

ಅವ್ವ ಮೆಲ್ಲಗೆ ಹೇಳಿದಳು. "ಬೇಜಾರ್ ಮಾಡ್ಕೋಬ್ಯಾಡ ಮಲ್ಲೇಶ. ಕಾರಲ್ಲಿ ಕುಂತಾಗೆಲ್ಲ ನಾನು ಕಣ್ಮುಚ್ಕಂಡೇ ಓಗಿವ್ನಿ. ಆ ಸೀಟಿನ ವಾಸ್ನೆ ಬಡುದ್ರೆ ಸಾಕು, ಸ್ಟ್ರೆಚರ್ ಕಣ್ಮುಂದೆ ಬತ್ತದೆ. ಈ ಸಲ ಕಾರು ಬ್ಯಾಡ. ನನ್ ಕಾಲಿಗೆ ಎಷ್ಟು ಸಿಕ್ತದೋ ಅಷ್ಟು ಮೈಸೂರ್ ಸಾಕು."

ಚಿಕ್ಕಪ್ಪನ ಮುಖ ಚಿಕ್ಕದಾಯಿತು. ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಹಾಗಾದರೆ ಉಳಿಯುವುದೆಲ್ಲಿ? ಅಪ್ಪ ಒಂದು ದಿನ ಗಿರಣಿಗೆ ರಜೆ ಹಾಕಿ ಜಾಗ ನೋಡಲು ಹೊರಟರು. ನನ್ನನ್ನೂ ಕರೆದರು. ಯಾಕೆಂದು ಬಸ್ಸಿನಲ್ಲಿ ಹೇಳಿದರು.

"ನೋಡು ಕೂಸೇ, ಸಂತೆಗೆ, ಗುಡಿಗೆ ಅವ್ವನ ಜೊತೆ ಓಗೋಳು ನೀನು. ಅವಳು ಎಂಗೆ ನಡೀತಾಳೆ, ಎಲ್ಲೆಲ್ಲಿ ನಿಲ್ತಾಳೆ ನಿಂಗೇ ಗೊತ್ತು. ನನ್ ಎಜ್ಜೆ ದೊಡ್ದು, ನಂಗೆ ಅಂದಾಜ್ ಸಿಕ್ಕಲ್ಲ. ಇವತ್ತು ಮೈಸೂರಲ್ಲಿ ನೀನು ಅವ್ವ ನಡೆದಂಗೆ ನಡಿ. ಅವ್ವ ನಿಲ್ಲೋ ಕಡೆ ನಿಲ್ಲು. ನಾನು ಇಂದ್ಗಡೆ ಬತ್ತೀನಿ."

ಮೊದಲು ಚಿಕ್ಕಪ್ಪನ ಮನೆಯನ್ನೇ ನೋಡಿದೆವು. ಬೇರೆ ಕಡೆ ಉಳಿಯುವ ಮೊದಲು ಅಲ್ಲಿ ಆಗುವುದಿಲ್ಲ ಎಂದು ಖಾತ್ರಿಯಾಗಬೇಕಿತ್ತು ಅಪ್ಪನಿಗೆ. ಹೊಸ ಬಡಾವಣೆ. ಬಸ್‌ಸ್ಟಾಪಿನಿಂದ ಮನೆಯವರೆಗೂ ಏರು ರಸ್ತೆ. ನಾನು ಅವ್ವನ ಹಾಗೆ ನಡೆಯತೊಡಗಿದೆ. ಮೊದಲು ಅದು ಆಟದಂತಿತ್ತು. ಅವ್ವ ಸ್ವಲ್ಪ ದೂರ ಹೋಗಿ ಸೆರಗು ಸರಿ ಮಾಡಿಕೊಳ್ಳಲು ನಿಲ್ಲುತ್ತಿದ್ದಳು. ನಾನೂ ನಿಂತು ಲಂಗ ಸರಿ ಮಾಡಿಕೊಂಡೆ. ಆಮೇಲೆ ಯಾರದಾದರೂ ಮನೆಯ ಹೂವಿನ ಗಿಡ ನೋಡುತ್ತಾ ನಿಲ್ಲುತ್ತಿದ್ದಳು. ನಾನೂ ಕಾಂಪೌಂಡಿನ ಕಡೆ ತಿರುಗಿ ನಿಂತೆ. ಒಳಗಿಂದ ನಾಯಿ ಬೊಗಳಿತು. ಇನ್ನೊಂದಷ್ಟು ದೂರ ಹೋದರೆ ಅವ್ವ ಪರಿಚಯದವರ ಜಗಲಿ ಕಂಡು, "ಏನವ್ವ, ಚೆನ್ನಾಗಿದ್ದೀರಾ?" ಎಂದು ಮಾತಿಗೆ ಕೂತುಬಿಡುತ್ತಿದ್ದಳು. ಇಲ್ಲಿ ಕೂರಲು ಜಗಲಿಯಿರಲಿಲ್ಲ, ಮಾತಾಡಿಸಲು ಜನರಿರಲಿಲ್ಲ. ಬರೀ ಗೇಟುಗಳು, ಬಿಸಿಲು.

ರಸ್ತೆಯ ಮಧ್ಯೆ ನಿಂತಿದ್ದಾಗ ನನಗೆ ತಟ್ಟನೆ ಹೊಳೆಯಿತು. ಅವ್ವನ ಸೆರಗು ಯಾವತ್ತೂ ಜಾರಿರಲಿಲ್ಲ. ಆ ಗಿಡಗಳ ಮೇಲೂ ಅವಳಿಗೆ ಅಂಥ ಆಸೆಯಿರಲಿಲ್ಲ. ನಾನು ಹೆದರಬಾರದೆಂದು, ಊರಿನವರು ಅಯ್ಯೋ ಅನ್ನಬಾರದೆಂದು, ಉಸಿರು ಕಟ್ಟಿದಾಗೆಲ್ಲ ಅವಳು ಒಂದೊಂದು ನೆಪ ಹುಡುಕಿಕೊಂಡು ನಿಲ್ಲುತ್ತಿದ್ದಳು. ಸಂತೆಯ ದಾರಿಯುದ್ದಕ್ಕೂ ಅಷ್ಟು ನಿಲ್ಲುತ್ತಿದ್ದಳಲ್ಲ, ಅಷ್ಟೂ ಸಲ.

ನಾನು ಅಳುತ್ತಿದ್ದುದನ್ನು ಅಪ್ಪ ನೋಡಿದರು. ನನ್ನ ತಲೆಯ ಮೇಲೆ ಕೈಯಿಟ್ಟು, ಮುಂದಿನ ಏರನ್ನು ನೋಡಿ, "ಇಲ್ಲಾಗಲ್ಲ ಬುಡು" ಎಂದರು.

ಆದರೂ ಮನೆಯವರೆಗೆ ಹೋದೆವು. ಚಿಕ್ಕವ್ವ ಊಟಕ್ಕೆ ಬಡಿಸಿದರು. ಚಿಕ್ಕಪ್ಪ ತಟ್ಟೆಯಿಂದ ತಲೆಯೆತ್ತದೆ, "ತಮ್ಮನ ಮನೆ ಇದ್ದೂ ಲಾಡ್ಜಲ್ಲಿ ಉಳುದ್ರು ಅಂದ್ರೆ ನೆಂಟ್ರು ನನ್ನ ಏನಂತಾರೆ ಅಣ್ಣ?" ಎಂದರು. ಅಪ್ಪ "ನಿಂದೇನೂ ತಪ್ಪಿಲ್ಲ ಕಣ್ಲಾ" ಎಂದಷ್ಟೇ ಹೇಳಿ ಎದ್ದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿಗೆ ಹೋದೆವು. ಖಾಲಿಯಿದ್ದದ್ದು ಮಹಡಿಯ ರೂಮುಗಳು ಮಾತ್ರ. ಅದಕ್ಕಿಂತ ಹೆಚ್ಚಾಗಿ ಒಳಗೆಲ್ಲ ಆಸ್ಪತ್ರೆಯದೇ ಫಿನಾಯಿಲ್ ವಾಸನೆ. ಅಪ್ಪ ಬಾಗಿಲಲ್ಲೇ ಒಮ್ಮೆ ಮೂಸಿ, ಹಿಂದಕ್ಕೆ ತಿರುಗಿದರು. ಅಲ್ಲಿಂದ ಒಂದು ಛತ್ರಕ್ಕೆ ಹೋದರೆ ಮದುವೆಯವರು ತುಂಬಿದ್ದರು. ಬಿಸಿಲಿಳಿಯುತ್ತಾ ಬಂತು. ದೇವರಾಜ ಮಾರುಕಟ್ಟೆಯಲ್ಲಿ ಅವ್ವನಿಗೆಂದು ಮಲ್ಲಿಗೆ ಕೊಳ್ಳುವಾಗ ಅಪ್ಪ ಹೂವಿನವಳ ಬಳಿಯೇ ವಿಚಾರಿಸಿದರು. ಅವಳು ಮೊಳ ಹಾಕುತ್ತಾ, ಹಿಂದಿನ ಬೀದಿಯಲ್ಲಿ ಪುಟ್ಟಗೌರಮ್ಮ ಎಂಬ ಅಜ್ಜಿ ಮುಂದಿನ ಕೋಣೆ ಬಾಡಿಗೆಗೆ ಕೊಡುತ್ತಾರೆ, ಕೇಳಿ ನೋಡಿ ಎಂದಳು.

ಅದು ಹಳೆಯ ಹೆಂಚಿನ ಮನೆ. ಬೀದಿಗೆ ಒಂದೇ ಒಂದು ಮೆಟ್ಟಿಲು. ಬಾಗಿಲ ಎರಡೂ ಪಕ್ಕ ಜಗಲಿ. ಆ ಮನೆಗಷ್ಟೇ ಅಲ್ಲ, ಬೀದಿಯ ಉದ್ದಕ್ಕೂ ಮನೆಮನೆಗೆ ಜಗಲಿ. ಅಪ್ಪ ರೂಮಿನೊಳಕ್ಕೂ ಹೋಗದೆ ಅವನ್ನೇ ನೋಡುತ್ತಾ ನಿಂತರು.

ಪುಟ್ಟಗೌರಮ್ಮ ಹೊರಬಂದು, ರೂಮಿಗೆ ಬಂದವರನ್ನೆಲ್ಲ ಕೇಳುವಂತೆ ಕೇಳಿದರು. "ಯಾರಿಗಪ್ಪಾ ಹುಷಾರಿಲ್ಲ? ಯಾವ ವಾರ್ಡು?"

"ಯಾರ್ಗೂ ಏನೂ ಆಗಿಲ್ಲ ಕಣವ್ವ" ಎಂದರು ಅಪ್ಪ. "ನಮ್ಮನೆಯೋರು ಊರು ನೋಡ್ಬೇಕು ಅಂತವ್ರೆ. ಅದುಕ್ಕೇ ಬತ್ತಿರೋದು."

ಅಜ್ಜಿ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದರು. "ಊರು ನೋಡೋಕಾ? ಆಸ್ಪತ್ರೆಗೆ ಬರೋರು, ಪರೀಕ್ಷೆಗೆ ಬರೋರು ಬಿಟ್ರೆ ಈ ರೂಮಿಗೆ ಹಾಗೆ ಬಂದೋರು ಯಾರೂ ಇಲ್ಲ. ಕರ್ಕೊಂಡ್ ಬಾ."

ಅಲ್ಲಿಂದ ಮಾರುಕಟ್ಟೆಗೆ, ಆಮೇಲೆ ಅರಮನೆಯ ಗೇಟಿನವರೆಗೆ ನಾನು ಮತ್ತೆ ಅವ್ವನ ಹಾಗೆ ನಡೆದೆ. ಈ ಸಲ ಆಟವಾಗಿರಲಿಲ್ಲ. ನಿಲ್ಲಬೇಕೆನಿಸಿದ ಕಡೆಯೆಲ್ಲ ಕೂರಲು ಏನಾದರೊಂದು ಸಿಕ್ಕಿತು: ಜಗಲಿ, ಅಂಗಡಿಯ ಕಟ್ಟೆ, ಮರದ ಬುಡದ ಕಲ್ಲು. ಅಪ್ಪ ಆ ಸಂಜೆ ಬಸ್ಸಿನಲ್ಲಿ ನಂಜನಗೂಡಿನವರೆಗೂ ನಿದ್ದೆ ಮಾಡಿದರು. ಅವರು ಹಾಗೆ ನೆಮ್ಮದಿಯಾಗಿ ಮಲಗಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಹೋದೆವು. ನರಸೀಪುರದಿಂದ ಅವ್ವನ ತಾಯಿ ಬಂದು ಊರಿನ ಮನೆ ನೋಡಿಕೊಂಡರು. ಪುಟ್ಟಗೌರಮ್ಮನ ರೂಮಿನ ಕಿಟಕಿ ಬೀದಿಗೇ ತೆರೆಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲುಗಳ ಮೇಲೆ ಹೂವಿನ ಮಂಕರಿಗಳು ಹೋಗುತ್ತಿದ್ದವು. ರೂಮೆಲ್ಲ ಮಲ್ಲಿಗೆ, ಮರುಗದ ವಾಸನೆ. ಅವ್ವ ತಲೆ ಕೂಡ ಬಾಚದೆ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಎಚ್ಚರವಾದರೆ, "ನೋಡು ಕೂಸೇ, ಊರು ಏಳ್ತಾ ಅದೆ" ಎನ್ನುತ್ತಿದ್ದಳು. ಅಪ್ಪ ಹೋಟೆಲಿನಿಂದ ಎಲೆಯಲ್ಲಿ ಕಟ್ಟಿಸಿಕೊಂಡು ಬಂದ ಇಡ್ಲಿಯನ್ನು ಜಗಲಿಯ ಮೇಲೇ ಬಿಚ್ಚಿಕೊಂಡು ತಿನ್ನುತ್ತಿದ್ದೆವು.

ಒಂದು ದಿನವೆಲ್ಲ ಮಾರುಕಟ್ಟೆಯಲ್ಲೇ ಕಳೆಯಿತು. ಗೋಪುರದಂತೆ ಒಟ್ಟಿದ ಕುಂಕುಮ, ಅರಿಸಿನ, ಕರ್ಪೂರದ ಘಾಟು, ಬಾಳೆಮಂಡಿಯ ಹಣ್ಣು ವಾಸನೆ. ಅವ್ವ ಅಂಗಡಿ ಅಂಗಡಿಗೂ ನಿಂತು ಬೆಲೆ ಕೇಳುತ್ತಿದ್ದಳು. ಅವಳು ನಿಂತದ್ದು ಬೆಲೆಗೋ ಉಸಿರಿಗೋ ಎಂದು ನಾನು ವಾರೆಗಣ್ಣಿನಿಂದ ನೋಡುತ್ತಿದ್ದೆ. ಎಷ್ಟೋ ಸಲ ಅದು ನಿಜವಾಗಿಯೂ ಬೆಲೆಗೇ ಆಗಿತ್ತು. ಸಂಜೆ ನಾನು ಬೀದಿಯ ಹುಡುಗಿಯರೊಂದಿಗೆ ಕುಂಟೆಬಿಲ್ಲೆ ಆಡುತ್ತಿದ್ದರೆ, ಅವಳು ಪುಟ್ಟಗೌರಮ್ಮನ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಅಜ್ಜಿಗೆ ಅವ್ವನ ತುಟಿಯ ಬಣ್ಣ ನೋಡಿಯೇ ಎಲ್ಲ ಗೊತ್ತಾಗಿರಬೇಕು. ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ.

ಭಾನುವಾರ ಸಂಜೆ ಅರಮನೆಯ ದೀಪ ನೋಡಲು ಹೊರಟೆವು. ಆ ದಿನ ಜನ ವಿಪರೀತ. ನೂಕುನುಗ್ಗಲಿನಲ್ಲಿ ಅವ್ವ ತನ್ನ ನಡಿಗೆಗಿಂತ ಬೇಗ ನಡೆಯಬೇಕಾಗಿ ಬಂತು. ಅರಮನೆಯ ದಾರಿಯ ದೊಡ್ಡ ಸರ್ಕಲ್ಲಿಗೆ ಮೊದಲೇ ಅವಳು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕುಸಿದು ಕೂತಳು. ಹಣೆಯೆಲ್ಲ ಬೆವರು. ಮಾತು ಬರಲಿಲ್ಲ. ಅಪ್ಪ ಟವೆಲಿನಿಂದ ಗಾಳಿ ಬೀಸುತ್ತಾ, "ವಾಪಸ್ ಓಗಣಾ?" ಎಂದರು. ಅವಳು ಬೇಡವೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಮಲ್ಲೇಶ ಚಿಕ್ಕಪ್ಪ, ಚಿಕ್ಕವ್ವ. ನಮ್ಮನ್ನು ಕಾಣಲು ರೂಮಿಗೆ ಹೋಗಿ, ಇಲ್ಲಿಗೆ ಬಂದಿದ್ದೇವೆಂದು ತಿಳಿದು ಹುಡುಕಿಕೊಂಡು ಬಂದಿದ್ದರು. ಚಿಕ್ಕಪ್ಪ ಇಳಿದವರೇ ಹಿಂದಿನ ಬಾಗಿಲು ತೆಗೆದರು.

"ಸಾಕು ಅತ್ಗೆ ಹಟ. ಹತ್ತಿ. ಅಣ್ಣ, ನೀನಾದ್ರೂ ಹೇಳ್ಬಾರ್ದಾ? ರಸ್ತೇಲಿ ಕೂರ್ಸಿದ್ದೀಯಲ್ಲ!" ಕೋಪದಲ್ಲಿ ಅವರ ದನಿ ಒಡೆಯಿತು.

ಅಪ್ಪ ಅವ್ವನ ಕಡೆ ನೋಡಿದರು. ಅವ್ವ ಉಸಿರು ಹತೋಟಿಗೆ ಬರುವವರೆಗೂ ಕಾದಳು. ಆಮೇಲೆ ಚಿಕ್ಕಪ್ಪನ ಕೈ ಹಿಡಿದುಕೊಂಡಳು.

"ಇವತ್ತು ಬ್ಯಾಡ ಮಲ್ಲೇಶ. ಕಾರ್ನ ಎಲ್ಲಾರ ಬುಟ್ಬುಟ್ಟು ನೀನೇ ನನ್ ಜೊತೆ ನಡ್ಕಂಡ್ ಬಾ. ಅಪ್ರೇಸನ್ ದಿನ ನಿನ್ ಕಾರಲ್ಲೇ ಓಯ್ತೀನಿ. ಬೇರೆ ಯಾರ್ ಕಾರೂ ಅತ್ತಲ್ಲ. ಆಯ್ತಾ?"

ಚಿಕ್ಕಪ್ಪ ಬಹಳ ಹೊತ್ತು ಆ ತೆರೆದ ಬಾಗಿಲನ್ನು ಹಿಡಿದು ನಿಂತಿದ್ದರು. ಆಮೇಲೆ ಮುಚ್ಚಿದರು. ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ, ಓಡುತ್ತಾ ಬಂದರು.

ನಾವೆಲ್ಲ ಅವ್ವನ ಸುತ್ತ ಗೋಡೆಯ ಹಾಗೆ ನಿಂತು, ಅವಳು ನಡೆದಷ್ಟೇ ನಡೆದೆವು. ಚಿಕ್ಕಪ್ಪ ಮೊದಲು ಎರಡು ಹೆಜ್ಜೆ ಮುಂದೆ ಹೋಗಿ ಹಿಂತಿರುಗುತ್ತಿದ್ದರು. ಬರುಬರುತ್ತಾ ಅವರ ಕಾಲೂ ಹೊಂದಿಕೊಂಡಿತು. ನಾವಿನ್ನೂ ರಸ್ತೆಯಲ್ಲಿರುವಾಗಲೇ ದೀಪ ಹತ್ತಿತು. ಜನರೆಲ್ಲ ಒಮ್ಮೆಗೇ 'ಹೋ' ಎಂದರು. ಗೇಟಿನ ಬಳಿ ತಲುಪಿದಾಗ ಇಡೀ ಅರಮನೆ ಬೆಳಗುತ್ತಿತ್ತು. ಒಳಗೆ ಹೋಗೋಣವೇ ಎಂದು ಅಪ್ಪ ಕೇಳಿದರೆ, "ಇಲ್ಲಿಂದ್ಲೇ ಚೆನ್ನಾಗ್ ಕಾಣ್ತದೆ" ಎಂದಳು. ಅವಳ ಮುಖದ ಮೇಲೆ ಆ ಬೆಳಕು ಬಿದ್ದಿತ್ತು. ತುಟಿ ನೀಲಿಯಾಗಿದೆಯೋ ಇಲ್ಲವೋ ಎಂದು ಆ ಬೆಳಕಿನಲ್ಲಿ ತಿಳಿಯುತ್ತಿರಲಿಲ್ಲ. ಅಪ್ಪ ಅರಮನೆಯನ್ನು ನೋಡಲೇ ಇಲ್ಲ. ಅವಳನ್ನೇ ನೋಡುತ್ತಾ ನಿಂತಿದ್ದರು.

ಮಳೆ ಕಳೆದ ಮೇಲೆ ಆಪರೇಷನ್ ಆಯಿತು. ಹೇಳಿದಂತೆ ಚಿಕ್ಕಪ್ಪನ ಕಾರಿನಲ್ಲೇ ಹೋದಳು, ಅದರಲ್ಲೇ ಮರಳಿ ಬಂದಳು. ಕೆಲವು ವರ್ಷ ಎಲ್ಲರ ಹಾಗೆ ನಡೆದಳು. ಸಂತೆಗೆ ಹೋಗುವಾಗ ನಾನೇ ಹಿಂದೆ ಬೀಳುತ್ತಿದ್ದೆ. ನಾನು ನಂಜನಗೂಡಿನ ಕಾಲೇಜು ಸೇರಿದ ವರ್ಷ ಬಂದ ಜ್ವರವೊಂದು ಮತ್ತೆ ಆ ಕವಾಟವನ್ನೇ ಹಿಡಿಯಿತು. ಈ ಸಲ ಏನು ಮಾಡಿದರೂ ಅವ್ವ ಉಳಿಯಲಿಲ್ಲ.

ಪುಟ್ಟಗೌರಮ್ಮ ತೀರಿಕೊಂಡು ಬಹಳ ಕಾಲವಾಯಿತು. ಆ ಮನೆಯ ಜಾಗದಲ್ಲಿ ಈಗ ಶಟರಿನ ಅಂಗಡಿಗಳಿವೆ. ಬೀದಿಯ ಜಗಲಿಗಳನ್ನು ಒಡೆದು ಗಾಡಿ ನಿಲ್ಲಿಸಲು ಜಾಗ ಮಾಡಿದ್ದಾರೆ. ಅಪ್ಪ ನಂಜನಗೂಡಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೈಸೂರಿಗೆ ಒಳ್ಳೆಯ ರಸ್ತೆಯಾಗಿದೆ. ನಮ್ಮದೂ ಒಂದು ಕಾರಿದೆ. ಬೆಳಿಗ್ಗೆ ಹೋಗಿ, ಬೇಕಾದ್ದು ಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತೇವೆ. ಅಲ್ಲಿ ಉಳಿಯುವ ಮಾತೇ ಬರುವುದಿಲ್ಲ. ಎಲ್ಲಿ ಉಳಿಯುವುದು ಎಂದು ಯಾರೂ ಯಾರಿಗಾಗಿಯೂ ದಿನವಿಡೀ ಬೀದಿ ಅಲೆಯಬೇಕಾಗಿಲ್ಲ.

ನನ್ನ ಮಗಳಿಗೆ ಈಗ ಹತ್ತು ವರ್ಷ. ಮೈಸೂರಿಗೆ ಅವಳು ಎಷ್ಟು ಸಲ ಹೋಗಿದ್ದಾಳೋ ಲೆಕ್ಕವಿಲ್ಲ. ಆದರೆ ಆ ಊರಿನಲ್ಲಿ ಬೆಳಗಾಗುವುದನ್ನು ಅವಳು ಒಮ್ಮೆಯೂ ಕಂಡಿಲ್ಲ. ಅವಳ ಅಜ್ಜಿಯನ್ನೂ ಕಂಡಿಲ್ಲ.