ಒರೆಸಿದರೂ ಹೋಗದ ಮುಕ್ರಮನ ಬೋರ್ಡು

ಶಹಾಬಾದಿನ ಮುಕ್ರಮ ಯಾವ ವಸ್ತುವನ್ನೂ ಮುಟ್ಟಿ ನೋಡದೆ ನಂಬುವವನಲ್ಲ. ಉಮಾದೇವಿಯ ಖಾನಾವಳಿಯಲ್ಲಿ ನಾನು ರೊಟ್ಟಿ ಬಡಿದು ಬುಟ್ಟಿಗೆ ಹಾಕಿದರೆ, ಅದನ್ನೂ ಹೆಬ್ಬೆರಳಿನಿಂದ ಒಮ್ಮೆ ಸವರಿಯೇ ಮುರಿಯುತ್ತಾನೆ. ಅವನಣ್ಣ ಇಸಾಕನ ಫರಸಿ ಮಶೀನಿನಲ್ಲಿ ವರ್ಷಗಟ್ಟಲೆ ನೆಲಹಾಸಿನ ಕಲ್ಲು ಉಜ್ಜಿದ ಕೈ ಅದು. ಕಣ್ಣು ಹೇಳಿದ್ದನ್ನು ಕೇಳುವುದಿಲ್ಲ.

ಕಲ್ಲಿನ ಧೂಳು ಎದೆಯಲ್ಲಿ ಕೂತು ಕೆಮ್ಮು ಬಿಡದಾದಾಗ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಮಾಡುವ ಅಂಗಡಿ ಹಾಕಿದ. ಇಸಾಕನಿಗೆ ಅದು ಸೇರಲಿಲ್ಲ.

"ಕಾಗದದ ದಂಧಾ ಅಂದ್ರ ಗಾಳಿ ಬಂದ್ರ ಹೋತು. ನೋಡು, ನಿನ್ನ ಮೊದಲ್ನೇ ಬೋರ್ಡ್ ವಾಪಸ್ ಬಂತಂದ್ರ, ಬಾಯಿ ಮುಚ್ಕೊಂಡು ಮಶೀನಿಗೆ ಬರಬೇಕು."

ಮುಕ್ರಮ ಹೂಂ ಎಂದುಬಿಟ್ಟ. ಮೊದಲನೆಯ ಬೋರ್ಡು ನಮ್ಮ ಉಮಾದೇವಿಯದೇ.

"ಇವತ್ತ ಏನ್ ಪಲ್ಯರೀ ಅಂತ ಬಂದೋರೆಲ್ಲ ಕೇಳ್ತಾರ. ಒದರಿ ಒದರಿ ಗಂಟಲಾ ಬಿತ್ತು. ಮ್ಯಾಲ ರೊಟ್ಟಿ ಚಿತ್ರ, ನನ್ನ ಹೆಸರು ಛಾಪಿಸು. ಕೆಳಗ ದಿನಾ ಬರ್ದು ಒರಸಾಕ ಜಾಗಾ ಬಿಡು ತಮ್ಮಾ" ಎಂದಿದ್ದಳು.

ಛಾಪಿಸಿದ್ದರ ಮೇಲೆ ಅಂಟಿಸುವ ಲ್ಯಾಮಿನೇಷನ್ ಹಾಳೆ ತರಲು ಅವನು ಹೆಂಡತಿ ಫರಹತಳೊಂದಿಗೆ ಕಲಬುರಗಿಗೆ ಹೋದ. ಅಂಗಡಿಯವನು ಎರಡು ಹಾಳೆ ಹಾಸಿದ. ಒಂದು ಕನ್ನಡಿಯಂತೆ ಹೊಳೆಯುವುದು, ಬರೆದು ಒರೆಸಲಿಕ್ಕೆಂದೇ ಮಾಡಿದ್ದು. ಇನ್ನೊಂದು ಹೊಳಪಿಲ್ಲದ್ದು, ಸ್ವಲ್ಪ ಒರಟು. ಮುಕ್ರಮನ ಹೆಬ್ಬೆರಳು ಒರಟಿನ ಮೇಲೆಯೇ ನಿಂತಿತು.

"ನುಣ್ಣನ ಫರಸಿ ಮ್ಯಾಲ ಕಾಲೇ ನಿಲ್ಲಂಗಿಲ್ಲ, ಶಾಯಿ ಹ್ಯಾಂಗ ನಿಲ್ತದ? ಅದಕ್ಕೂ ಹಿಡ್ಕೊಳ್ಳಾಕ ಜಾಗಾ ಬೇಕಲ್ಲ?"

"ನಿಲ್ತದ ಖರೇ. ಆಮ್ಯಾಲ ಹೋಗೋದು ಹ್ಯಾಂಗ್ರಿ?" ಎಂದಳು ಫರಹತ.

"ಸುಮ್ನಿರು. ನಿನಗ ಕಲ್ಲಿನ ಮರ್ಮ ತಿಳಿಯಂಗಿಲ್ಲ."

ಬೋರ್ಡು ಗೋಡೆಗೇರುವಾಗ ಮಧ್ಯಾಹ್ನದ ಊಟ ಮುಗಿದಿತ್ತು. ಉಮಾದೇವಿ ಹುರುಪಿನಿಂದ ಕೆಂಪು ಶಾಯಿಯಲ್ಲಿ 'ಊಟ ಮುಗಿದಿದೆ' ಎಂದು ಬರೆದಳು. ಅಕ್ಷರ ಮುತ್ತಿನಂತೆ ಕೂತವು.

ಮರುದಿನ ಬೆಳಿಗ್ಗೆ ಒರೆಸಿದರೆ ಹೋಗಲೊಲ್ಲವು. ಆಕೆ ನಿಂಬೆಹಣ್ಣು ತಿಕ್ಕಿದಳು, ನಾನು ಬೂದಿ ತಿಕ್ಕಿದೆ. ಅಕ್ಷರ ಇನ್ನೂ ಅಗಲವಾದವು. ವಾಡಿ ಕಡೆಯ ಲಾರಿಯವರು ಬಾಗಿಲಲ್ಲೇ ಓದಿ ಹೊರಳಿ ಹೋದರು. ದಿನಾ ಉಣ್ಣುವ ಕಾಶಪ್ಪನೂ ಹೊರಗೇ ನಿಂತ.

"ಒಲಿ ಇನ್ನಾ ಹೊಗಿ ಆಡಾಕತ್ತಾದ, ಆಗಲೇ ಮುಗೀತೇನ್ರಿ?"

"ಮುಗಿದಿಲ್ಲೋ ಮಾರಾಯಾ, ಒಳಗ ಬಾ!"

"ಮತ್ತ ಬರ್ದೀರಲ್ಲ? ಅಕ್ಕೋರೆ, ನಾ ಓದ್ಲಿಕ್ಕೆ ಬಲ್ಲೆ."

ಉಮಾದೇವಿ ಬೋರ್ಡಿಗೆ ಟವೆಲ್ ಹೊದಿಸಿದಳು. ಅಷ್ಟರಲ್ಲಿ ಮುಕ್ರಮ ನಗುತ್ತ ಬಂದ.

"ಏನಕ್ಕಾ, ಬೋರ್ಡಿಗೆ ಥಂಡಿ ಹತ್ತ್ಯಾದೇನು?"

"ಬೋರ್ಡಿಗಲ್ಲ, ನನಗ ಜ್ವರ ಬಂದಾವ!" ಎಂದು ಆಕೆ ಟವೆಲ್ ಎಳೆದಳು.

ಅವನು ಹೆಬ್ಬೆರಳಿನಿಂದ ಉಜ್ಜಿದ. ಕಲ್ಲು ಸವರಿ ಹೊಗಳುವ ರೂಢಿ, ಬಾಯಿಗೆ ಬಂದೇಬಿಟ್ಟಿತು. "ಭಾಳ ಚಲೋ ಹಿಡ್ಕೊಂಡಾದ."

"ಹಿಡ್ಕೊಳ್ಳಾಕ ನಾ ಏನು ಪೊಲೀಸ್ ಠಾಣೆ ಇಟ್ಟೀನೇನೋ? ತಗೊಂಡು ಹೋಗು ವಾಪಸ್!"

ಮುಕ್ರಮ ಬೆಂಚಿನ ಮೇಲೆ ಕುಸಿದ. "ವಾಪಸ್ ಅನ್ನಬ್ಯಾಡ್ರಿ ಅಕ್ಕಾ. ಭಾಯ್ ಕಿವಿಗೆ ಬಿದ್ರ ನಾ ಮತ್ತ ಧೂಳದಾಗ." ಹೇಳುವಾಗಲೇ ಕೆಮ್ಮು ಬಂತು.

ಉಮಾದೇವಿ ನೀರು ಕೊಟ್ಟಳು. ಸಿಟ್ಟು ಇಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು. "ಬೋರ್ಡ್ ಗ್ವಾಡಿ ಬಿಟ್ಟು ಇಳಿಯಂಗಿಲ್ಲ ಬಿಡು. ಅಲ್ಲೇ ಇದ್ದಂಗ ಏನರ ಮಾಡು. ನಾಳಿ ಊಟದ ಹೊತ್ತಿಗೆ ಆಗಬೇಕು."

ಮರುದಿನ ಗಂಡಹೆಂಡತಿ ಬಂದು, ಹೊಸದಾಗಿ ಛಾಪಿಸಿ ಹೊಳೆಯುವ ಹಾಳೆ ಹೊದಿಸಿದ್ದನ್ನು ಹಳೆಯದರ ಮೇಲೆಯೇ ಅಂಟಿಸಿದರು. ಸುದ್ದಿ ಮುಟ್ಟಿತ್ತೋ ಏನೋ, ಇಸಾಕನೂ ಬಂದು ಬಾಗಿಲಲ್ಲಿ ನಿಂತ. ಉಮಾದೇವಿ ಬರೆದಳು, ಒರೆಸಿದಳು. ಹೋಯಿತು. ಮತ್ತೆ ಬರೆದು ಊಟ ಬಡಿಸಿ ಬಂದು ಒರೆಸಿದಳು. ಆಗಲೂ ಹೋಯಿತು. ಮುಕ್ರಮನ ಮುಖಕ್ಕೆ ಜೀವ ಬಂತು. ಆಕೆ ಅಂದಿನ ಪಲ್ಯದ ಹೆಸರು ಬರೆದಳು.

ಇಸಾಕ ಹಣೆಗೆ ಕೈ ಹಿಡಿದು ಕಣ್ಣು ಕಿರಿದು ಮಾಡಿದ. "ಇದೇನು? ಬಿಸಲಾ ಬಡ್ದು ಫಳಫಳ ಹೊಳ್ಯಾಕತ್ತಾದ. ಇಲ್ಲಿಂದ ಒಂದಕ್ಷರ ಕಾಣವಲ್ದು. ಇದೂ ಕೆಲಸಕ್ಕ ಬರಂಗಿಲ್ಲ, ವಾಪಸ್ ಕೊಡ್ರಿ ಅಕ್ಕಾ."

ಉಮಾದೇವಿ ಸೌಟು ಕೈಯಲ್ಲಿ ಹಿಡಿದೇ ಹೋಗಿ ಬಾಗಿಲಲ್ಲಿ ನಿಂತು ನೋಡಿದಳು. ನಿಜ, ಬರೀ ಬೆಳಕು. ಸೌಟನ್ನು ಇಸಾಕನ ಕಡೆ ತಿರುಗಿಸಿದಳು.

"ಇಸಾಕಣ್ಣ, ಬಾಗಲದಾಗ ನಿಂತು ಓದಿ ಹೊಳ್ಳಿ ಹೋಗೋರಿಂದ ನನಗೇನು ಬಂತು? ಕಾಣಬೇಕಂದ್ರ ಒಳಗ ಬರ್ರಿ."

ಇಸಾಕ ಚಪ್ಪಲಿ ಬಿಟ್ಟು ಬೋರ್ಡಿನ ತನಕ ಬಂದ.

"ಪುಂಡಿಪಲ್ಯ" ಎಂದು ಓದಿದ.

"ಹಾಂ. ಬಂದದ್ದ ಬಂದೀರಿ, ಕುಂದ್ರಿ" ಎಂದು ಆಕೆ ತಾಟು ಇಟ್ಟಳು. "ಈ ಬೋರ್ಡ್ ನಾ ಕೊಡಂಗಿಲ್ಲ."

ತಮ್ಮನನ್ನು ಮಶೀನಿಗೆ ಕರೆದೊಯ್ಯಲು ಬಂದವನು ಎರಡೆರಡು ಸಲ ಪಲ್ಯ ಹಾಕಿಸಿಕೊಂಡು ಉಂಡು, ಒಬ್ಬನೇ ಹೋದ.