ಆನೆಯನ್ನು ಊಟಕ್ಕೆ ಕರೆದದ್ದು

ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಒಂದು ಮರದ ಕುದುರೆ ಸಿಕ್ಕಿತು. ಎರಡು ಕಿವಿಯೂ ಇಲ್ಲ, ಯಾವುದೋ ಮಗು ಕಡಿದು ತಿಂದಿದೆ. ಹಾಲುಹಲ್ಲಿನ ಮಕ್ಕಳಿಗೆ ಚದುರಂಗ ಕಲಿಸಲು ಹೊರಟರೆ ಹೀಗೇ ಆಗುವುದು. ಹೊರಟವರು ನಮ್ಮ ಯಜಮಾನರು. ಅವರು ತೀರಿಹೋಗಿ ಇಪ್ಪತ್ತೆರಡು ದಿನವಾಯಿತು. ಅಂದಿನಿಂದ ನನಗೆ ಎಲ್ಲರ ಜೊತೆ ಊಟಕ್ಕೆ ಕೂರಲು ಆಗುತ್ತಿಲ್ಲ. ಆಮೇಲೆ ತಿಂತೀನಿ ಅಂತೀನಿ, ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ಮೊಸರನ್ನ ತಿಂದು ತಟ್ಟೆ ತೊಳೆದುಬಿಡುತ್ತೇನೆ. ಮಗಳು ಸುಧಾ ಗದರಿದಳು, ಬೇಡಿಕೊಂಡಳು, ನಿನ್ನೆಯಿಂದ ಸುಮ್ಮನಾಗಿದ್ದಾಳೆ. ಅವಳು ಸುಮ್ಮನಾದದ್ದೇ ನನಗೆ ಹೆದರಿಕೆ.

ಈಗಿನ ಜಯನಗರ ಕಂಡವರು ನೀವಾದರೆ ನಂಬಲಾರಿರಿ. ಅರವತ್ತರ ದಶಕದ ಮೊದಲಲ್ಲಿ ನಮ್ಮ ಮನೆಯ ಆಚೀಚೆ ಬರೀ ಕಲ್ಲು ನೆಟ್ಟ ಸೈಟುಗಳು. ಭಾನುವಾರ ಬೆಳಗ್ಗೆ ಇವರು ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅರವತ್ತನಾಲ್ಕು ಮನೆ ಬರೆದು, ನಾಲ್ಕು ವರ್ಷದ ನಮ್ಮ ಸುಧಾಳನ್ನೂ ಪಕ್ಕದ ಮನೆಯ ಮೂರು ವರ್ಷದ ರಘುವನ್ನೂ ಎದುರುಬದುರು ಕೂರಿಸುತ್ತಿದ್ದರು.

"ಇದು ನಮ್ಮ ಜಯನಗರ. ಆನೆ ಮೈನ್ ರೋಡು, ಕ್ರಾಸ್ ರೋಡು ಬಿಟ್ಟು ಹೋಗಲ್ಲ. ಒಂಟೆ ಖಾಲಿ ಸೈಟಲ್ಲಿ ಓರೆಯಾಗಿ ನುಗ್ಗತ್ತೆ. ಕುದುರೆ ಬೇಲಿ ಹಾರತ್ತೆ."

ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ, ಎಂಟನೇ ಕ್ಲಾಸಿಗೇ ಓದು ಬಿಟ್ಟಿದ್ದ ನನಗೂ ಅರ್ಥವಾಯಿತು.

ಕಷ್ಟವಾದದ್ದು ಕಾಯಿ ಹೊಡೆಯುವುದು. ಮೊದಲ ಕಾಲಾಳು ಸತ್ತಾಗ ಸುಧಾ ಅತ್ತ ಅಳುವಿಗೆ ಎದುರು ಸೈಟಿನಲ್ಲಿ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಇವರು ಗಾಬರಿಯಾಗಿ, "ಸತ್ತಿಲ್ಲ ಕಣಮ್ಮ, ಅದನ್ನ ಊಟಕ್ಕೆ ಕರೆದ್ರು" ಎಂದು ಕಾಯಿಯನ್ನು ಒಂದು ತಟ್ಟೆಯಲ್ಲಿ ಕೂರಿಸಿದರು. ಅಲ್ಲಿಗೆ ಆಟ ಕೆಟ್ಟಿತು. ಊಟ ಯಾರಿಗೆ ಬೇಡ? ರಘು ತನ್ನ ಸೈನ್ಯವನ್ನೆಲ್ಲ ತಂದು ಸುಧಾಳ ಮಂತ್ರಿಯ ಮುಂದೆ ನಿಲ್ಲಿಸಿದ.

"ಮಾಮ, ನನ್ನ ಆನೆಗೆ ಹಸಿವು. ಬೇಗ ಕರೀರಿ."

"ಲೋ, ಹಂಗಾದ್ರೆ ನೀನು ಸೋಲ್ತೀಯ ಕಣೋ."

"ಪರವಾಗಿಲ್ಲ. ಏನು ಪಲ್ಯ?"

ತನ್ನ ಕಡೆಯವರು ಉಪವಾಸ ಬೀಳಬಾರದೆಂದು ಸುಧಾಳೂ ಶುರುಮಾಡಿದಳು. ಇಬ್ಬರಿಗೂ ಸೋಲಲು ಅವಸರವೋ ಅವಸರ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಕೊನೆಗೆ ಇಬ್ಬರು ರಾಜರು ಮಾತ್ರ ಉಳಿದರು.

"ರಾಜಂಗೆ ಊಟ ಇಲ್ವಾ?" ಎಂದ ರಘು.

"ರಾಜ ದೊಡ್ಡೋನು. ಎಲ್ಲರದೂ ಆದ್ಮೇಲೆ ಉಣ್ತಾನೆ," ಎಂದರು ಇವರು.

ಸುಧಾ ಸ್ವಲ್ಪ ಯೋಚಿಸಿದಳು. "ನಮ್ಮನೇಲಿ ಎಲ್ಲರದೂ ಆದ್ಮೇಲೆ ಉಣ್ಣೋದು ಅಮ್ಮ. ಹಂಗಾದ್ರೆ ಅಮ್ಮನೇ ರಾಜ."

ಮೂಲೆಯಲ್ಲಿ ಅವರೆಕಾಳು ಹಿದುಕುತ್ತಿದ್ದ ನಮ್ಮತ್ತೆಯ ಕೈ ನಿಂತಿತು. ಅತ್ತೆಯ ಊಟವಾದ ಮೇಲೆ ಸೊಸೆಯದು ಎನ್ನುವುದು ಅವರ ಮನೆಯ ಪದ್ಧತಿ. ತಮ್ಮ ಕಾಲದಲ್ಲಿ ಅವರೂ ಹಾಗೇ ಉಂಡವರು. ಮಗುವಿನ ಬಾಯಲ್ಲಿ ನಾನೇ ಹೇಳಿಸಿದೆ ಅಂದುಕೊಂಡರೆ ಗತಿಯೇನು ಎಂದು ನನ್ನ ನಗು ಅಲ್ಲೇ ಒಣಗಿತು. ಇವರು ಚಾವಣಿ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಗಂಡಸರು ಚಾವಣಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಾರೆ.

"ಲೇ ಇವಳೇ," ಎಂದರು ಅತ್ತೆ, "ಇವತ್ತಿಂದ ನಮ್ಮ ಜೊತೇಲೇ ತಟ್ಟೆ ಹಾಕ್ಕೋ. ಬಡಿಸೋಕೆ ನಿನ್ನ ಗಂಡ ಇದಾನಲ್ಲ. ಕುದುರೆ ಎತ್ತೋ ಕೈಗೆ ಸೌಟೇನು ಭಾರ ಆಗಲ್ಲ."

ಅಂದು ಇವರು ಬಡಿಸಿದ ಅನ್ನ ತಟ್ಟೆಗಿಂತ ನೆಲಕ್ಕೇ ಹೆಚ್ಚು ಬಿತ್ತು. ಬಡಿಸಿ ಅವರೂ ನನ್ನ ಪಕ್ಕದಲ್ಲೇ ಉಣ್ಣಲು ಕೂತರು. ರಘು ಮನೆಗೆ ಹೋಗಲೊಲ್ಲದೆ ತನ್ನ ಎರಡು ಆನೆಗಳನ್ನು ಮಗ್ಗುಲಲ್ಲಿಟ್ಟುಕೊಂಡು ಉಂಡ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ, ಮನೆಯಲ್ಲಿದ್ದಾಗ ನಾವಿಬ್ಬರೂ ಒಬ್ಬರನ್ನು ಬಿಟ್ಟು ಒಬ್ಬರು ಉಂಡಿಲ್ಲ. ಈಗ ಕೂರಲಾಗದಿರುವುದು ಅದಕ್ಕೇ.

ಪೊರಕೆ ಹಿಡಿದೇ ಎಷ್ಟು ಹೊತ್ತು ಕೂತಿದ್ದೆನೋ. ಸುಧಾಳ ಮೊಮ್ಮಗಳು, ಇನ್ನೂ ನಾಲ್ಕು ತುಂಬಿಲ್ಲ, ಬಂದು ಕುದುರೆ ಕಿತ್ತುಕೊಂಡಳು.

"ಇದು ಹೆಂಗೆ ಓಡತ್ತೆ ಮುತ್ತಜ್ಜಿ?"

"ಬೇಲಿ ಹಾರತ್ತೆ."

"ಬೇಲಿ ಅಂದ್ರೆ?"

ಈಗಿನ ಜಯನಗರದಲ್ಲಿ ಬೇಲಿಯನ್ನು ಎಲ್ಲಿಂದ ತಂದು ತೋರಿಸಲಿ? ಪೊರಕೆಯನ್ನೇ ನೆಲಕ್ಕೆ ಅಡ್ಡ ಇಟ್ಟೆ. ಅವಳು ಹಾರಿದಳು, ತಿರುಗಿ ಹಾರಿದಳು, ಬಿದ್ದಳು, ನಕ್ಕಳು. ನನಗೂ ನಗು ಬಂತು.

ಅಷ್ಟರಲ್ಲಿ ಊಟದ ಮೇಜಿನಿಂದ ತಟ್ಟೆ ಇಡುವ ಸದ್ದು ಕೇಳಿತು. ಸುಧಾ ಇವತ್ತು ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಕುರ್ಚಿ ಎಳೆದುಕೊಂಡು ಕೂತೆ. ಅವಳು ಬಡಿಸಿದಳು. ಕಲಸಿ ಒಂದು ತುತ್ತು ಬಾಯಿಗಿಟ್ಟೆ.

"ಹುಳಿಗೆ ಉಪ್ಪು ಕಮ್ಮಿ ಆಗಿದೆ ಕಣೇ," ಎಂದೆ.

ಉಪ್ಪು ತರಲು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ.