ಚೇಚಿ ಕಚ್ಚಿ ನೋಡಿದ ಕಾಳು

ಕಳೆದ ವಾರ ತಂಪಾನೂರಿನ ಅಂಗಡಿಯಿಂದ ತಂದ ಕಾಳುಮೆಣಸಿನ ಪೊಟ್ಟಣವನ್ನು ಕತ್ತರಿಸಿದಾಗ ವಾಸನೆ ತಡವಾಗಿ ಮೂಗಿಗೆ ತಾಕಿತು. ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರಷ್ಟೇ ಕಾಣುವ ಅಕ್ಷರಗಳಲ್ಲಿ, ಹಲವು ದೇಶಗಳ ಬೆಳೆ ಎಂದಿತ್ತು. ಒಂದು ಕಾಳನ್ನು ಹಲ್ಲುಗಳ ನಡುವೆ ಇಟ್ಟುಕೊಂಡೆ. ಚೇಚಿ ನೆನಪಾದರು...

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಕಾಸರಗೋಡಿನ ಶಾಲೆಯ ಮಾಸ್ತರಿಕೆ ಬಿಟ್ಟು, ಮಟ್ಟಾಂಚೇರಿಯ ಮೆಣಸು ರಫ್ತಿನ ಉಗ್ರಾಣವೊಂದರಲ್ಲಿ ಇಂಗ್ಲಿಷ್ ಪತ್ರ ಬರೆಯುವ ಗುಮಾಸ್ತನಾಗಿದ್ದೆ. ಅಲ್ಲಿ ಮೆಣಸು ಕೇರುವ ಹೆಂಗಸರಲ್ಲಿ ಅವರೇ ಹಿರಿಯರು. ಎಲ್ಲರಿಗೂ ಚೇಚಿ, ಅಂದರೆ ಅಕ್ಕ. ಪ್ರತಿ ಗೋಣಿಯಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಕಚ್ಚಿ, ಅವರು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಗೋಣಿಯ ಬಾಯಿ ಹೊಲಿಯುವುದು ಅಲ್ಲಿಯ ಪದ್ಧತಿ. ಆ ಊರಿನಲ್ಲಿ ನನ್ನನ್ನು ತಾವಾಗಿ ಮಾತಾಡಿಸುತ್ತಿದ್ದವರು ಅವರೊಬ್ಬರೇ.

"ಮಾಷೇ, ಕಾಗದದಲ್ಲಿ ಮೆಣಸು ಬೆಳೆಯೋದಿಲ್ಲ. ಎದ್ದು ಬಂದು ಮೂಸಿ ನೋಡಿ," ಎಂದು ಮಲಯಾಳದಲ್ಲಿ ಕಿಚಾಯಿಸುತ್ತಿದ್ದರು. ಮಾಸ್ತರಿಕೆ ಬಿಟ್ಟಿದ್ದರೂ ಅವರಿಗೆ ನಾನು ಮಾಷ್, ಅಂದರೆ ಮಾಸ್ತರೇ.

ಆಮೇಲೆ ಹಡಗಿನಲ್ಲಿ ವಿಯೆಟ್ನಾಮಿನ ಅಗ್ಗದ ಮೆಣಸು ಬರತೊಡಗಿತು. ಯಜಮಾನರು ಅದನ್ನು ಇಡುಕ್ಕಿಯ ಮೆಣಸಿನೊಡನೆ ಬೆರೆಸಿ, ಕೊಳ್ಳಲು ಬಂದಿದ್ದ ಬಿಳಿಯ ವ್ಯಾಪಾರಿಯ ಮುಂದಿರಿಸಿದರು. ಬಿಳಿಯರೆಲ್ಲ ಅಲ್ಲಿಯವರ ಬಾಯಲ್ಲಿ ಸಾಯಿಪ್ಪು. ಚೇಚಿಗೆ ಯಾರೂ ತಿಳಿಸಿರಲಿಲ್ಲ. ಅವರು ಎಂದಿನಂತೆ ಕಾಳು ಕಚ್ಚಿದರು, ತಲೆಯಾಡಿಸಲಿಲ್ಲ.

"ಇದು ನಮ್ಮದಲ್ಲ ಮಾಷೇ. ಕಲಸಿದ್ದಾರೆ. ಸಾಯಿಪ್ಪಿಗೆ ಹೇಳಿ."

ಸಾಯಿಪ್ಪು ನನ್ನತ್ತ ತಿರುಗಿದ. ಯಜಮಾನರೂ ತಿರುಗಿದರು. ನಿಜ ಹೇಳಿದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ಮಕ್ಕಳ ಒಂದೊಂದು ತಪ್ಪನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ ನಾನು, ದೋಷವೊಂದೂ ಇಲ್ಲದ ಇಂಗ್ಲಿಷಿನಲ್ಲಿ, ಸರಕು ಉತ್ತಮವಾಗಿದೆಯೆಂದು ಈಕೆ ಹೇಳುತ್ತಿದ್ದಾರೆ ಎಂದೆ.

ಸಾಯಿಪ್ಪು ಸರಕು ಕೊಂಡ. ಚೇಚಿ ತಲೆಯಾಡಿಸದಿದ್ದರೂ ಯಜಮಾನರು ಗೋಣಿಗಳ ಬಾಯಿ ಹೊಲಿಸಿದ್ದು ಅದೇ ಮೊದಲು. ಆಮೇಲೆ ಬಂದದ್ದೆಲ್ಲ ಬೆರಕೆಯ ಸರಕೇ. ಕಚ್ಚಿ ನೋಡುವ ನಾಲಿಗೆ ಯಾರಿಗೂ ಬೇಕಿರಲಿಲ್ಲ. ಮಳೆಗಾಲಕ್ಕೆ ಮುನ್ನ ಕೇರುವ ಯಂತ್ರವೂ ಬಂತು. ಹೆಂಗಸರನ್ನು ಮನೆಗೆ ಕಳುಹಿಸಿದರು.

ಕೊನೆಯ ದಿನ ಚೇಚಿ ಮೊರವನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಮೇಜಿನ ಬಳಿ ನಿಂತರು. "ನೀವು ಸರಿಯಾಗಿಯೇ ಹೇಳಿರ್ತೀರಿ ಮಾಷೇ. ಆದರೂ ಆ ಸಾಯಿಪ್ಪು ಯಾಕೆ ತಗೊಂಡ?"

ಪತ್ರ ಬರೆಯುತ್ತಿರುವವನಂತೆ ತಲೆ ತಗ್ಗಿಸಿದೆ. ಚೇಚಿ ದೋಣಿಕಟ್ಟೆಯ ಕಡೆಗೆ ನಡೆದರು... ಮತ್ತೆ ಅವರನ್ನು ನೋಡಲಿಲ್ಲ. ಹುಡುಕಲೂ ಇಲ್ಲ.

ಹಲ್ಲಿನ ನಡುವಿನ ಕಾಳನ್ನು ಈಗ ಕಚ್ಚಿದೆ. ಖಾರವಿತ್ತು, ಎಲ್ಲಿಯದೆಂದು ತಿಳಿಯಲಿಲ್ಲ. ಪೊಟ್ಟಣದ ಬಾಯನ್ನು ಮಡಚಿ, ದಾರ ಸುತ್ತುವ ಮೊದಲು, ಯಾಕೋ ಒಂದು ಗಳಿಗೆ ಕಾದೆ. ಈ ಬಾಡಿಗೆಯ ಕೋಣೆಯಲ್ಲಿ ತಲೆಯಾಡಿಸಲು ಯಾರೂ ಇರಲಿಲ್ಲ.